ಶಾಲೆಯ ಎರಡು ಕಟ್ಟಡಗಳ ನಡುವೆ ಎಳೆದ ಫೈಬರನ್ನು ಸ್ವಿಚ್‌ಗೆ ಜೋಡಿಸುವುದು ಹೇಗೆ?

ನಮಸ್ಕಾರ ಮೇಷ್ಟ್ರೇ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹೈಸ್ಕೂಲಿನ ಹಳೇ ಕಟ್ಟಡದಿಂದ ಹೊಸ ಕಂಪ್ಯೂಟರ್ ಲ್ಯಾಬಿಗೆ 180 ಮೀಟರ್ ದೂರ. ಕೇಬಲ್ ಎಳೆದವರು 6 ಕೋರಿನ (ಅಂದರೆ ಒಳಗೆ 6 ಗಾಜಿನ ಎಳೆಗಳಿರುವ) ಫೈಬರ್ ಹಾಕಿ, ಎರಡೂ ಕಡೆ ಗೋಡೆಗೆ ಒಂದೊಂದು ಪೆಟ್ಟಿಗೆ ಕೂರಿಸಿ ಹೋಗಿದ್ದಾರೆ. ನಿಮ್ಮ ನೆಟ್‌ವರ್ಕ್ ಸ್ವಿಚ್ಚಿನಲ್ಲಿ (ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಮಾಮೂಲಿ ಪೋರ್ಟುಗಳ ಪಕ್ಕ ಎರಡು ಖಾಲಿ ಚೌಕ ಕಿಂಡಿಗಳಿವೆ. ಫೈಬರ್ ಅದರೊಳಗೆ ಹೋಗುವುದು ಹೇಗೆ, ಏನೇನು ಕೊಳ್ಳಬೇಕು, ಇಂಟರ್ನೆಟ್‌ನವರು ತಂದ ಫೈಬರನ್ನೂ ಹಾಗೇ ಸ್ವಿಚ್‌ಗೆ ಸಿಕ್ಕಿಸಬಹುದಾ ಅಂತ ಕೇಳಿದ್ದೀರಿ.

ಮಲೆನಾಡಿನ ಕಡೆ ಹದಿನಾಲ್ಕು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಫೈಬರ್ ಹಾಕಿಸಿ ಒಳ್ಳೇ ಕೆಲಸ ಮಾಡಿದ್ದೀರಿ. ತಾಮ್ರದ ಲ್ಯಾನ್ ಕೇಬಲ್ಲಿಗೆ 100 ಮೀಟರ್ ಮಿತಿ, ನಿಮ್ಮ ದೂರಕ್ಕೆ ಅದು ಸಾಲುವುದೇ ಇಲ್ಲ. ಇನ್ನೊಂದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ, ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದ ಕಡೆ ಎರಡೂ ತುದಿಯ ಸ್ವಿಚ್ ಒಟ್ಟಿಗೆ ಸುಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ನಿಮ್ಮ ಕೇಬಲ್ಲಿನ ಸಿಪ್ಪೆಯೊಳಗೆ ಇಲಿ ಕಡಿಯಬಾರದು ಅಂತ ಸ್ಟೀಲ್ ತಗಡು ಸುತ್ತಿದ್ದರೆ, ಆ ತಗಡಿನಲ್ಲಿ ಹರಿಯುತ್ತದೆ. ಕೇಬಲ್ ಕಟ್ಟಡದೊಳಗೆ ಬರುವ ಜಾಗದಲ್ಲಿ ಆ ತಗಡಿಗೆ ಅರ್ತಿಂಗ್ ಕೊಟ್ಟಿದ್ದಾರಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಮಳೆಗಾಲಕ್ಕೆ ಮುಂಚೆ ಮಾಡಿಸಿಬಿಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಫೈಬರ್ ನೇರವಾಗಿ ಸ್ವಿಚ್ಚಿನೊಳಗೆ ಹೋಗುವುದಿಲ್ಲ. ಸ್ವಿಚ್‌ಗೆ ಗೊತ್ತಿರುವುದು ಕರೆಂಟಿನ ಭಾಷೆ, ಫೈಬರಿನಲ್ಲಿ ಓಡುವುದು ಬೆಳಕು. ನಡುವೆ ಒಬ್ಬ ದುಭಾಷಿ ಬೇಕಲ್ವಾ? ಅದೇ ಎಸ್‌ಎಫ್‌ಪಿ ಮಾಡ್ಯೂಲ್. ಹೆಬ್ಬೆರಳಿನಷ್ಟು ದೊಡ್ಡ ಲೋಹದ ತುಂಡು, ನೀವು ನೋಡಿದ ಚೌಕ ಕಿಂಡಿ ಇರುವುದೇ ಅದಕ್ಕೆ. ಹಳೇ ಕಟ್ಟಡದ ಸ್ವಿಚ್ಚಿಗೆ ಒಂದು, ಲ್ಯಾಬಿನ ಸ್ವಿಚ್ಚಿಗೆ ಒಂದು ಬೇಕು.

ಆದರೆ ದಯವಿಟ್ಟು ಇವತ್ತೇ ಅಂಗಡಿಗೆ ಓಡಬೇಡಿ. ಮೊದಲು ಕೇಬಲ್ಲಿನ ಕಪ್ಪು ಸಿಪ್ಪೆಯ ಮೇಲೆ ಏನು ಬರೆದಿದೆ ಓದಿ. ಮೀಟರಿಗೊಮ್ಮೆ ಬಿಳಿ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಧೂಳು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಾಣುತ್ತದೆ. 9/125 ಅಥವಾ ಜಿ.652 ಅಂತಿದ್ದರೆ ಅದು ಸಿಂಗಲ್ ಮೋಡ್. 50/125, ಓಎಂ2, ಓಎಂ3 ಅಂತಿದ್ದರೆ ಮಲ್ಟಿ ಮೋಡ್. ಅಕ್ಷರ ಅಳಿಸಿದ್ದರೆ ಗೋಡೆಯ ಪೆಟ್ಟಿಗೆ ತೆರೆದು ಒಳಗಿನ ತೆಳು ಪಿಗ್‌ಟೇಲ್‌ಗಳ (ಕನೆಕ್ಟರ್ ಇರುವ ಸಣ್ಣ ಫೈಬರ್ ತುಂಡುಗಳ) ಬಣ್ಣ ನೋಡಿ. ಹಳದಿ ಇದ್ದರೆ ಹೆಚ್ಚಾಗಿ ಸಿಂಗಲ್ ಮೋಡ್. ತಿಳಿ ನೀಲಿ-ಹಸಿರು ಅಥವಾ ಕಿತ್ತಳೆ ಇದ್ದರೆ ಮಲ್ಟಿ ಮೋಡ್. ಪೆಟ್ಟಿಗೆ ತೆರೆದಾಗ ಒಳಗಿನ ಸುರುಳಿಗೆ ಕೈ ಹಾಕಬೇಡಿ, ಸುಮ್ನೆ ನೋಡಿ ಮುಚ್ಚಿ.

9 ಅಂದರೆ ಬೆಳಕು ಓಡುವ ದಾರಿಯ ಅಗಲ 9 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಏಳೆಂಟನೇ ಒಂದು ಭಾಗ. ಇಷ್ಟು ಸಣ್ಣ ದಾರಿಗೆ 50 ಮೈಕ್ರಾನಿಗೆ ಮಾಡಿದ ಮಾಡ್ಯೂಲ್ ಹಾಕಿದರೆ ಬೆಳಕಿನ ಬಹುಪಾಲು ಹೊರಗೇ ಚೆಲ್ಲಿಹೋಗುತ್ತದೆ. ದೊಡ್ಡ ಕೊಡದಿಂದ ಸೀಸೆಯ ಬಾಯಿಗೆ ನೀರು ಸುರಿದ ಹಾಗೆ. ಅದಕ್ಕೇ ಸಿಂಗಲ್ ಮೋಡ್ ಕೇಬಲ್ಲಿಗೆ ಎಲ್‌ಎಕ್ಸ್ ಮಾಡ್ಯೂಲ್ ತರಬೇಕು. ಅದರ ಮೇಲೆ 1310 ನ್ಯಾನೋಮೀಟರ್ ಅಂತ ಇರುತ್ತದೆ, 10 ಕಿಲೋಮೀಟರ್‌ವರೆಗೆ ನಡೆಯುವಂಥದ್ದೇ ಸಾಮಾನ್ಯವಾಗಿ ಸಿಗುತ್ತದೆ. ಮಲ್ಟಿ ಮೋಡ್ ಆದರೆ ಎಸ್‌ಎಕ್ಸ್, 850 ನ್ಯಾನೋಮೀಟರ್. 50 ಮೈಕ್ರಾನ್ ಕೇಬಲ್ಲಿನಲ್ಲಿ ಅದು 550 ಮೀಟರ್‌ವರೆಗೆ ಬರುತ್ತದೆ. ನಿಮ್ಮ 180 ಮೀಟರಿಗೆ ಎರಡೂ ಧಾರಾಳ ಸಾಕು. ದೂರ ಜಾಸ್ತಿ ಇದ್ದರೆ ಒಳ್ಳೇದು ಅಂತ 40 ಅಥವಾ 80 ಕಿಲೋಮೀಟರಿನ ಮಾಡ್ಯೂಲ್ ತರಬೇಡಿ. ಅದರ ಬೆಳಕು ಎಷ್ಟು ಜೋರೆಂದರೆ, ಇಷ್ಟು ಹತ್ತಿರದಲ್ಲಿ ಎದುರಿನ ಮಾಡ್ಯೂಲಿನ ಕಣ್ಣೇ ಸುಟ್ಟುಹೋಗಬಹುದು.

ವೇಗವೂ ಎರಡೂ ಕಡೆ ಒಂದೇ ಇರಬೇಕು. ತಾಮ್ರದ ಪೋರ್ಟ್ ಹಾಗೆ ಎದುರಿನದು ನಿಧಾನವಿದ್ದರೆ ತಾನೂ ಇಳಿದು ಮಾತಾಡುವ ಗುಣ ಇದಕ್ಕಿಲ್ಲ. 1 ಜಿ (ಸೆಕೆಂಡಿಗೆ 1 ಗಿಗಾಬಿಟ್ ವೇಗದ) ಕಿಂಡಿಗೆ 10 ಜಿ ಮಾಡ್ಯೂಲ್ ದೈಹಿಕವಾಗಿ ಹಿಡಿಸುತ್ತದೆ, ಕೆಲಸ ಮಾಡುವುದಿಲ್ಲ. ಶಾಲೆಯ ಲ್ಯಾಬಿಗೆ 1 ಜಿ ಸಾಕು. ಕೆಲವು ಕಂಪನಿಗಳ ಸ್ವಿಚ್‌ಗಳು ಬೇರೆಯವರ ಮಾಡ್ಯೂಲ್ ಒಪ್ಪುವುದಿಲ್ಲ. ಅಂಗಡಿಯವರಿಗೆ ಸ್ವಿಚ್ಚಿನ ಮಾಡೆಲ್ ನಂಬರ್ ಹೇಳಿ, ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಬೇಕಾದದ್ದು ಪ್ಯಾಚ್ ಕಾರ್ಡ್, ಅಂದರೆ ಗೋಡೆಯ ಪೆಟ್ಟಿಗೆಯಿಂದ ಸ್ವಿಚ್‌ಗೆ ಬರುವ ಸಣ್ಣ ಫೈಬರ್. ಆ ಪೆಟ್ಟಿಗೆಯನ್ನು ನಾವು ಎಲ್‌ಐಯು ಅನ್ನುತ್ತೇವೆ. ಮಾಡ್ಯೂಲಿನ ಕಡೆ ಎಲ್‌ಸಿ ಕನೆಕ್ಟರ್ ಬೇಕು, ಸಣ್ಣದು, ಮೇಲೊಂದು ಒತ್ತುವ ನಾಲಿಗೆ ಇರುತ್ತದೆ. ಎಲ್‌ಐಯು ಕಡೆ ಎಸ್‌ಸಿ ಇರಬಹುದು, ಎಲ್‌ಸಿ ಇರಬಹುದು, ನೋಡಿ ತನ್ನಿ. ಕಾರ್ಡೂ ಕೇಬಲ್ಲಿನ ಜಾತಿಯದೇ ಆಗಿರಬೇಕು. ಸಿಂಗಲ್ ಮೋಡ್ ಕೇಬಲ್ಲಿಗೆ ಹಳದಿ ಕಾರ್ಡ್. ಕನೆಕ್ಟರ್ ಬಣ್ಣವನ್ನೂ ಗಮನಿಸಿ. ನೀಲಿಯದರ ತುದಿ ನೇರ, ಹಸಿರಿನದರ ತುದಿ 8 ಡಿಗ್ರಿ ಓರೆ. ಎಲ್‌ಐಯುನಲ್ಲಿ ನೀಲಿ ಇದ್ದರೆ ನೀಲಿಯನ್ನೇ ಹಾಕಿ. ಹಸಿರನ್ನು ನೀಲಿಗೆ ಒತ್ತಿದರೆ ಕೂರುತ್ತದೆ, ಆದರೆ ಗಾಜಿಗೆ ಗಾಜು ಸರಿಯಾಗಿ ತಾಗುವುದಿಲ್ಲ, ತುದಿಯೂ ಹಾಳಾಗುತ್ತದೆ.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ತುದಿ ಒರೆಸದೆ ಯಾವ ಫೈಬರನ್ನೂ ಸಿಕ್ಕಿಸಬೇಡಿ, ಹೊಸ ಪ್ಯಾಕೆಟ್ಟಿನಿಂದ ಈಗ ತೆಗೆದದ್ದಾದರೂ ಸರಿ. ಕ್ಯಾಪ್ ತೆಗೆದಾಗ ಎಲ್‌ಸಿಯ ತುದಿಯಲ್ಲಿ ಒಂದೂಕಾಲು ಮಿಲಿಮೀಟರ್ ದಪ್ಪದ ಬಿಳಿ ಪಿಂಗಾಣಿ ಕಡ್ಡಿ ಕಾಣುತ್ತದೆ. ಅದರ ನಟ್ಟ ನಡುವೆ ಫೈಬರ್ ಕೂತಿದೆ. ಬೆರಳು ತಾಗಿದರೆ ಸಾಕು, ಬೆವರಿನ ಎಣ್ಣೆ ಅಲ್ಲಿ ಕೂರುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಬೆಳಕಿಗೆ ಅದೇ ದೊಡ್ಡ ಗೋಡೆ.

ಕೆಲವು ವರ್ಷದ ಹಿಂದೆ ಒಂದು ಅಕ್ಕಿ ಗಿರಣಿಯಲ್ಲಿ ಇದೇ ಥರ ಲಿಂಕ್ ಹಾಕಿದ್ದೆವು. ಲಿಂಕ್ ಸೇರಿದೆ ಅಂತ ತೋರಿಸುವ ಸ್ವಿಚ್ಚಿನ ದೀಪ ಬರುತ್ತಿತ್ತು, ಹೋಗುತ್ತಿತ್ತು. ಮಧ್ಯಾಹ್ನದಿಂದ ಸಂಜೆವರೆಗೆ ಮಾಡ್ಯೂಲ್ ಬದಲಿಸಿದೆ, ಕಾರ್ಡ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಸ್ವಿಚ್ಚಿನಲ್ಲಿ ಬರುವ ಬೆಳಕಿನ ಲೆಕ್ಕ ನೋಡಿದರೆ ಮೈನಸ್ 24 ಡಿಬಿಎಂ (ಇದು ಬೆಳಕಿನ ಬಲದ ಅಳತೆ, ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟು ಬೆಳಕು ಕಡಿಮೆ). ಕೊನೆಗೆ ಫೈಬರ್ ನೋಡುವ ಮೈಕ್ರೋಸ್ಕೋಪ್ ತರಿಸಿ ಎಲ್‌ಐಯು ಒಳಬದಿಯ ಕನೆಕ್ಟರ್ ಬಿಚ್ಚಿ ನೋಡಿದೆವು. ಪರದೆಯ ತುಂಬ ತೌಡಿನ ಪುಡಿ, ಅದರ ನಡುವೆ ಫೈಬರ್ ಕಾಣಿಸಲೇ ಇಲ್ಲ. ಕೂರಿಸುವ ದಿನ ಗಿರಣಿ ಓಡುತ್ತಿತ್ತು, ಕ್ಯಾಪ್ ತೆಗೆದಿಟ್ಟು ಕೆಲಸ ಮಾಡಿದ್ದೆವು. ಎರಡು ಸಲ ಒರೆಸಿದ ಮೇಲೆ ಮೈನಸ್ 7ಕ್ಕೆ ಬಂತು. ಅಂದಿನಿಂದ ನನ್ನ ಚೀಲದಲ್ಲಿ ಪೆನ್ನಿನಾಕಾರದ ಒಂದು ಕ್ಲೀನರ್ ಸದಾ ಇರುತ್ತದೆ. ಕನೆಕ್ಟರ್ ಬಾಯಿಗಿಟ್ಟು ಒತ್ತಿದರೆ ಕ್ಲಿಕ್ ಅನ್ನುತ್ತದೆ, ಒಳಗಿನ ದಾರ ತುದಿಯನ್ನು ಒರೆಸುತ್ತದೆ. ಅದು ಸಿಗದಿದ್ದರೆ ಎಳೆ ಬಿಡದ ಒರೆಸುವ ಕಾಗದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ಒಂದೇ ದಿಕ್ಕಿಗೆ ಒರೆಸಿ, ಒಣ ಜಾಗದಲ್ಲಿ ಇನ್ನೊಮ್ಮೆ ಒರೆಸಿ. ಅಂಗಿ ಅಂಚು, ಬಾಯಿಂದ ಊದುವುದು, ಎರಡೂ ಬೇಡ.

ಜೋಡಿಸುವುದು ಐದು ನಿಮಿಷದ ಕೆಲಸ. ಮಾಡ್ಯೂಲನ್ನು ಕಿಂಡಿಯೊಳಗೆ ಕ್ಲಿಕ್ ಅನ್ನುವವರೆಗೆ ತಳ್ಳಿ, ಸ್ವಿಚ್ ಆಫ್ ಮಾಡಬೇಕಾಗಿಲ್ಲ. ಆಮೇಲೆ ಒರೆಸಿದ ಎಲ್‌ಸಿ ಹಾಕಿ, ಅದೂ ಕ್ಲಿಕ್ ಅನ್ನಬೇಕು. ಇನ್ನೊಂದು ತುದಿ ಎಲ್‌ಐಯುಗೆ. ಕೋರುಗಳ ಬಣ್ಣ ಸಾಮಾನ್ಯವಾಗಿ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ ಈ ಕ್ರಮದಲ್ಲಿ ಇರುತ್ತವೆ. ನೀವು ಮೊದಲ ಎರಡನ್ನು ಬಳಸಿ. ಲ್ಯಾಬಿನಲ್ಲೂ ಅವೇ ಎರಡು.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಎಳೆಯಲ್ಲಿ ಬೆಳಕು ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ. ಮಾಡ್ಯೂಲಿನ ಮೇಲೆ ಹೊರಮುಖ, ಒಳಮುಖ ಬಾಣ ಇರುತ್ತದೆ. ಈ ಕಡೆ ಹೊರಗೆ ಹೋದ ಎಳೆ ಆ ಕಡೆ ಒಳಗೆ ಬರುವ ತೂತಿಗೆ ಸೇರಬೇಕು. ದೀಪ ಹತ್ತದಿದ್ದರೆ ಎಲ್‌ಐಯುನಲ್ಲಿ ಎರಡು ಕನೆಕ್ಟರುಗಳನ್ನು ಅದಲುಬದಲು ಮಾಡಿ, ಆದರೆ ಒಂದು ಕಟ್ಟಡದಲ್ಲಿ ಮಾತ್ರ. ನೀವು ಈ ಕಡೆ ಬದಲಿಸಿ, ಲ್ಯಾಬಿನಲ್ಲಿದ್ದವರೂ ಆ ಕಡೆ ಬದಲಿಸಿದರೆ ಮೊದಲಿದ್ದಲ್ಲಿಗೇ ಬರುತ್ತೀರಿ. ಫೋನಿನಲ್ಲಿ ಮಾತಾಡುತ್ತಾ ಒಬ್ಬರೇ ಬದಲಿಸಿ.

ಕಣ್ಣಿನ ವಿಷಯದಲ್ಲಿ ಜಾಗ್ರತೆ. ಬೆಳಕು ಬರುತ್ತಿದೆಯಾ ಅಂತ ಕನೆಕ್ಟರಿನೊಳಗೆ ಇಣುಕಬೇಡಿ, ಲ್ಯಾಬಿನ ಮಕ್ಕಳನ್ನೂ ಬಿಡಬೇಡಿ. ಅದು ಕಾಣದ ಬೆಳಕು, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿ ಅಂತ ಕೆಲವರು ಹೇಳುತ್ತಾರೆ. 850 ಆದರೆ ಕೆಲವು ಕ್ಯಾಮೆರಾದಲ್ಲಿ ಮಸುಕಾಗಿ ಕಾಣಬಹುದು. 1310 ಮೊಬೈಲ್ ಕ್ಯಾಮೆರಾಗೆ ಕಾಣುವುದೇ ಇಲ್ಲ. ಕತ್ತಲೆ ಕಂಡಿತು ಅಂತ ಒಳ್ಳೇ ಮಾಡ್ಯೂಲನ್ನು ಎಸೆದಾರು, ಅದಕ್ಕೆ ಹೇಳಿದೆ.

ಅದಲುಬದಲು ಮಾಡಿಯೂ ದೀಪ ಬರದಿದ್ದರೆ, ಸ್ವಿಚ್ಚಿನ ಉಳಿದ ಕೇಬಲ್‌ಗಳನ್ನು ತೆಗೆದು, ಒಂದೇ ಎಳೆಯ ಸಣ್ಣ ಪ್ಯಾಚ್ ಕಾರ್ಡಿನಿಂದ ಮಾಡ್ಯೂಲಿನ ಹೊರತೂತನ್ನು ಅದರದೇ ಒಳತೂತಿಗೆ ಸೇರಿಸಿ. ದೀಪ ಹತ್ತಿದರೆ ಮಾಡ್ಯೂಲೂ ಪೋರ್ಟೂ ಚೆನ್ನಾಗಿವೆ, ತೊಂದರೆ ಕೇಬಲ್ಲಿನಲ್ಲಿದೆ. ಲ್ಯಾಬಿನಲ್ಲೂ ಹಾಗೇ ನೋಡಿ. ಕೇಬಲ್ಲಿನಲ್ಲಿದೆ ಅಂತಾದರೆ ಎಳೆದವರನ್ನು ಕರೆಸಿ ಕೆಂಪು ಲೇಸರ್ ಪೆನ್ ಬಿಟ್ಟು ತೋರಿಸಲು ಹೇಳಿ. ಯಾವ ಕೋರು ಎಲ್ಲಿಗೆ ಬರುತ್ತದೆ, ಎಲ್ಲಿ ಮುರಿದಿದೆ ಅಂತ ಗೊತ್ತಾಗುತ್ತದೆ. ಒಂದೇ ಕಡೆ ದೀಪ ಹತ್ತಿ ಇನ್ನೊಂದು ಕಡೆ ಹತ್ತದಿದ್ದರೆ ಸೆಟ್ಟಿಂಗ್ ನೋಡಿ. ಒಂದು ಸ್ವಿಚ್ಚಿನಲ್ಲಿ ಆಟೋ, ಇನ್ನೊಂದರಲ್ಲಿ ವೇಗ ಕಟ್ಟಿಹಾಕಿದ್ದರೆ ಹೀಗಾಗುತ್ತದೆ. ಇನ್ನು ಕೆಲವು ಸ್ವಿಚ್‌ಗಳಲ್ಲಿ ಚೌಕ ಕಿಂಡಿಗೂ ಪಕ್ಕದ ತಾಮ್ರದ ಪೋರ್ಟಿಗೂ ಒಂದೇ ನಂಬರ್ ಇರುತ್ತದೆ. ಅಲ್ಲಿ ಎರಡರಲ್ಲಿ ಒಂದೇ ನಡೆಯುವುದು.

ನಿಮ್ಮದು ಸೆಟ್ಟಿಂಗ್ ನೋಡಲು ಬರುವ ಸ್ವಿಚ್ ಆಗಿದ್ದರೆ ಬರುವ ಬೆಳಕಿನ ಲೆಕ್ಕವನ್ನೂ ನೋಡಿ, ಅದನ್ನು ತೋರಿಸುವ ಮಾಡ್ಯೂಲೇ ಕೊಳ್ಳಿ. ಸಿಂಗಲ್ ಮೋಡಿನಲ್ಲಿ 180 ಮೀಟರಿಗೆ ಕೇಬಲ್ ತಿನ್ನುವ ಬೆಳಕು ಲೆಕ್ಕಕ್ಕೇ ಇಲ್ಲ. ಕನೆಕ್ಟರು, ಸ್ಪ್ಲೈಸ್ (ಎಳೆಗಳನ್ನು ಬೆಸೆದ ಜಾಗ) ಎಲ್ಲ ಸೇರಿ ಒಂದೆರಡು ಡಿಬಿ ಕಡಿಮೆಯಾಗಬಹುದು. ಆ ಕಡೆ ಮೈನಸ್ 6 ಬಿಟ್ಟರೆ ಈ ಕಡೆ ಮೈನಸ್ 8ರ ಸುತ್ತ ಬರಬೇಕು. ಮೈನಸ್ 17, 18 ಅಂತ ಕಂಡರೆ ಲಿಂಕ್ ನಡೆಯುತ್ತಿದೆಯಲ್ಲ ಅಂತ ಬಿಡಬೇಡಿ. ಎಲ್‌ಎಕ್ಸ್‌ಗೆ ಮೈನಸ್ 19ರ ಹತ್ತಿರವೇ ಗಡಿ. ಎಲ್ಲೋ ಕೊಳೆ ಇದೆ, ಇಲ್ಲವೇ ಕಾರ್ಡ್ ಮಡಚಿದೆ. ಕಾರ್ಡನ್ನು ಟ್ಯಾಗ್ ಹಾಕಿ ಬಿಗಿಯಾಗಿ ಕಟ್ಟಬೇಡಿ, ಸುತ್ತಿದರೆ ಟೀ ಲೋಟದ ಬಾಯಿಗಿಂತ ಸಣ್ಣ ಸುರುಳಿ ಮಾಡಬೇಡಿ.

ಇಂಟರ್ನೆಟ್‌ನವರ ಫೈಬರ್ ವಿಷಯ. ಅದನ್ನು ಸ್ವಿಚ್‌ಗೆ ನೇರ ಹಾಕಬೇಡಿ. ಒಂಟಿ ಎಳೆ, ತುದಿಯಲ್ಲಿ ಹಸಿರು ಕನೆಕ್ಟರ್ ಇದ್ದರೆ ಅದು ಬಹುತೇಕ ಜಿಪಾನ್ ಲೈನ್. ಒಂದೇ ಎಳೆಯನ್ನು ಸ್ಪ್ಲಿಟರ್ ಇಟ್ಟು ಹಲವು ಮನೆಗೆ ಹಂಚಿರುತ್ತಾರೆ. ಅವರವರ ಸರದಿ ಬಂದಾಗಷ್ಟೇ ಮಾತಾಡುವ ವ್ಯವಸ್ಥೆ ಅದು. ನೀವು ತಂದ ಎಲ್‌ಎಕ್ಸ್ ಮಾಡ್ಯೂಲಿಗೆ ಆ ಭಾಷೆ ಬರುವುದಿಲ್ಲ. ಸುಮ್ನೆ ಬೆಳಕು ಬಿಡುತ್ತಾ ಕೂತರೆ ಅದೇ ಸ್ಪ್ಲಿಟರಿನಲ್ಲಿರುವ ಅಕ್ಕಪಕ್ಕದವರ ಇಂಟರ್ನೆಟ್ಟೂ ಕೆಡಬಹುದು. ಅವರು ಕೊಟ್ಟ ಬಿಳಿ ಪೆಟ್ಟಿಗೆ, ಒಎನ್‌ಟಿ, ಅಲ್ಲೇ ಇರಲಿ. ಅದರ ಲ್ಯಾನ್ ಪೋರ್ಟಿನಿಂದ ಮಾಮೂಲಿ ತಾಮ್ರದ ಕೇಬಲ್ ತೆಗೆದು ಸ್ವಿಚ್‌ಗೆ ಹಾಕಿ.

ಕೆಲಸ ಮುಗಿದ ಮೇಲೆ ಉಳಿದ ನಾಲ್ಕು ಕೋರಿನ ಕ್ಯಾಪ್ ಹಾಗೇ ಬಿಡಿ, ಮುಂದೆ ಒಂದು ಕೆಟ್ಟರೆ ಅವೇ ಕೈ ಹಿಡಿಯುವುದು. ಎಲ್‌ಐಯು ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ, ಯಾವ ಬಣ್ಣದ ಕೋರು ಯಾವ ಪೋರ್ಟಿಗೆ, ಅವತ್ತಿನ ತಾರೀಖು, ಬಂದ ಬೆಳಕು ಎಷ್ಟು ಡಿಬಿಎಂ ಅಂತ ಬರೆದಿಡಿ. ಕೇಬಲ್ ಮೇಲಿನ ಬರಹ ಮತ್ತು ಸ್ವಿಚ್ಚಿನ ಮಾಡೆಲ್ ನಂಬರ್ ಇಲ್ಲಿ ಹಾಕಿದರೆ, ಯಾವ ಮಾಡ್ಯೂಲ್ ತರಬೇಕು ಅಂತ ನಾನೇ ನೋಡಿ ಹೇಳುತ್ತೇನೆ.