‘ನನ್ನ ಸತ್ಯ’ವನ್ನು ಬಿಟ್ಟರೆ ನಾನು ಉಳಿಯುತ್ತೇನಾ?

“ಸತ್ಯ ಎಲ್ಲರಿಗೂ ಒಂದೇ ಅಂತ ಬೈಬಲ್ ನಂಬಿ ಒಪ್ಪಿಕೊಂಡರೆ, ನಾನು ಯಾರು ಅಂತ ಹೇಳುವ ಹಕ್ಕು ನನ್ನ ಕೈತಪ್ಪುತ್ತದಾ?” ಅಂತ ಕೇಳಿದ್ದೀರಿ. 23ನೇ ವಯಸ್ಸಿನಲ್ಲಿ ನನಗೂ ಇದೇ ಪ್ರಶ್ನೆ. ಪ್ರಶ್ನೆ ಅನ್ನೋದಕ್ಕಿಂತ, ಉತ್ತರ ಗೊತ್ತಿರುವವನ ಹಾಗೆ ಮೈಕ್ ಹಿಡಿದು ಓಡಾಡುತ್ತಿದ್ದೆ.

ಆಗ ಯುವಕರ ಕೂಟಗಳಲ್ಲಿ ಸಾಕ್ಷಿ ಹೇಳುತ್ತಿದ್ದೆ. (ಗೊತ್ತಿಲ್ಲದವರಿಗೆ: ಯೇಸುವನ್ನು ನಂಬುವ ಮುಂಚೆ ಹೇಗಿದ್ದೆ, ಆಮೇಲೆ ಹೇಗಾದೆ ಅಂತ ಎಲ್ಲರ ಮುಂದೆ ಹೇಳುವುದು.) ನನ್ನ ಕಷ್ಟ ಏನೆಂದರೆ, ನನ್ನ ಕಥೆ ತೀರಾ ಸಪ್ಪೆ. ಕುಡಿತ ಇಲ್ಲ, ಜೈಲು ಇಲ್ಲ, ದೊಡ್ಡ ಕಾಯಿಲೆಯೂ ಇಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅಪ್ಪ ಒಂದು ಸಲ ಕೆನ್ನೆಗೆ ಹೊಡೆದಿದ್ದರು. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದೆ, ಅದಕ್ಕೆ. ಮೊದಲ ಸಲ ಸಾಕ್ಷಿ ಹೇಳಿದಾಗ “ಅಪ್ಪ ಹೊಡೆದರು” ಅಂದೆ. ಕೂತಿದ್ದವರ ಗುಸುಗುಸು ನಿಂತಿತು. ಎರಡನೇ ಸಲ “ಅಪ್ಪ ಹೊಡೆಯುತ್ತಿದ್ದರು” ಅಂದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಲ್ಲ ಕೆಟ್ಟಿದ್ದು ಇಲ್ಲೇ. ಹೊಡೆದರು, ಹೊಡೆಯುತ್ತಿದ್ದರು. ಬದಲಾಗಿದ್ದು ಕ್ರಿಯಾಪದದ ಬಾಲ ಅಷ್ಟೇ. ಆದರೆ ಮೊದಲನೆಯದು ಒಂದು ಸಂಜೆ, ಎರಡನೆಯದು ಇಡೀ ಬಾಲ್ಯ. ಮೊದಲನೆಯದರಲ್ಲಿ ಅಪ್ಪ ಸಿಟ್ಟು ಬಂದ ಮನುಷ್ಯ, ಎರಡನೆಯದರಲ್ಲಿ ಕ್ರೂರಿ. ನಾನೇನೂ ಕೂತು ಸುಳ್ಳು ಹೆಣೆಯಲಿಲ್ಲ. ಬಾಯಿಂದ ಜಾರಿತು. ಜಾರಿದ್ದನ್ನು ಅಲ್ಲೇ ತಿದ್ದಲಿಲ್ಲ, ತಪ್ಪು ಅದೇ. ಅವತ್ತು ರಾತ್ರಿಯೇ ನನಗೆ ಗೊತ್ತಾಗಿತ್ತು. “ಆ ಒಂದೇ ಏಟು ಮನಸ್ಸಿನಲ್ಲಿ ದಿನಾ ಬೀಳುತ್ತಿತ್ತಲ್ವಾ, ಹಾಗಾಗಿ ನನ್ನ ಲೆಕ್ಕದಲ್ಲಿ ಇದೂ ನಿಜವೇ” ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆರು ತಿಂಗಳಲ್ಲಿ ನಾನು “ಏಟು ತಿಂದು ಬೆಳೆದ ಹುಡುಗ” ಆಗಿಬಿಟ್ಟೆ. ಜನ ಹಾಗೇ ಪರಿಚಯ ಮಾಡಿಸುತ್ತಿದ್ದರು. ಒಬ್ಬನೇ ಪ್ರಾರ್ಥನೆ ಮಾಡುವಾಗಲೂ ನಾನು ಆ ಹುಡುಗನೇ.

ತಮಾಷೆ ನೋಡಿ, ಅದೇ ಕೂಟಗಳಲ್ಲಿ ಸತ್ಯ ಬದಲಾಗುವುದಿಲ್ಲ ಅಂತ ಗಂಟಲು ಹರಿದುಕೊಳ್ಳುತ್ತಿದ್ದವನೂ ನಾನೇ. ಯೇಸುವನ್ನು ವಿಚಾರಣೆ ಮಾಡಿದ ರೋಮನ್ ಅಧಿಪತಿ ಪಿಲಾತ “ಸತ್ಯ ಎಂದರೇನು?” ಅಂತ ಕೇಳಿ, ಉತ್ತರಕ್ಕೂ ಕಾಯದೆ ಹೊರಗೆ ಹೋದನಲ್ಲ (ಯೋಹಾನ 18:38), ಅವನನ್ನು ಎಷ್ಟು ಸಲ ಆಡಿಕೊಂಡಿದ್ದೇನೋ.

ಒಂದು ದಿನ ಅಪ್ಪ ಹೇಳದೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಕಣ್ಣಿಗೆ ಬಿದ್ದಿದ್ದು ಆ ಮಾತು ಹೇಳಿ ಮುಗಿಸಿದ ಮೇಲೆ. ಅವರು ಎದ್ದು ಹೋಗಲಿಲ್ಲ. ಕೊನೆಯ ಹಾಡಿನ ತನಕ ಕೂತಿದ್ದು, ಎಲ್ಲರ ಜೊತೆ ಹೊರಗೆ ಹೋದರು. ಮನೆಯಲ್ಲೂ ಏನೂ ಕೇಳಲಿಲ್ಲ. ಆಮೇಲೆ ನಾಲ್ಕು ವರ್ಷ ನಮ್ಮಿಬ್ಬರ ನಡುವೆ “ಊಟ ಆಯ್ತಾ”, “ಆಯ್ತು” ಅನ್ನುವಷ್ಟೇ ಮಾತು.

ಈಗ ನಿಮ್ಮ ಪ್ರಶ್ನೆ. ಒಂದು ತಟ್ಟೆಯಲ್ಲಿ ಸತ್ಯ, ಇನ್ನೊಂದರಲ್ಲಿ ನನ್ನತನ ಇಟ್ಟು ತೂಗುತ್ತಿದ್ದೀರಿ. ಆ ತಕ್ಕಡಿಯೇ ಸರಿ ಇಲ್ಲ. ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ ಅಂತ ಮೊದಲೇ ಒಪ್ಪಿಕೊಂಡು ತೂಗಲು ಕೂತಿದ್ದೀರಿ. ಬೈಬಲ್‌ನಲ್ಲಿರುವ ಎಷ್ಟೋ ಪತ್ರಗಳನ್ನು ಬರೆದ ಪೌಲ ಅದನ್ನು ಒಪ್ಪುವುದಿಲ್ಲ. ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ, ಬೇರೆಯವರು ಕೊಡುವ ತೀರ್ಪು ನನಗೆ ದೊಡ್ಡದಲ್ಲ ಅನ್ನುತ್ತಾನೆ. ಇಷ್ಟು ನಮಗೆಲ್ಲ ಇಷ್ಟ. ಮುಂದಿನದನ್ನು ಮೆಲ್ಲಗೆ ದಾಟಿಬಿಡುತ್ತೇವೆ. ನನ್ನ ಬಗ್ಗೆ ನಾನೂ ತೀರ್ಪು ಕೊಡುವುದಿಲ್ಲ, ನನ್ನ ಮನಸ್ಸಿಗೆ ತಪ್ಪು ಕಾಣದ ಮಾತ್ರಕ್ಕೆ ನಾನು ನಿರಪರಾಧಿ ಅಲ್ಲ, ವಿಚಾರಿಸುವವನು ಕರ್ತನು (ಅಂದರೆ ದೇವರು) ಅನ್ನುತ್ತಾನೆ. ಮೊದಮೊದಲು ಇದು ನನ್ನನ್ನು ಹೆದರಿಸುತ್ತಿತ್ತು. ಈಗ ಇದರಲ್ಲೇ ನೆಮ್ಮದಿ. ನನ್ನನ್ನು ನಾನೇ ಕಟ್ಟಿ ನಿಲ್ಲಿಸುವ ಕೂಲಿ ತಪ್ಪಿತು.

ಇನ್ನೊಂದು. “ನನ್ನ ಸತ್ಯ ನನಗೆ, ನಿಮ್ಮದು ನಿಮಗೆ” ಅನ್ನುವುದು ಒಳ್ಳೆಯತನದ ಮಾತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಜವಾಗಿಯೂ ದಿನಾ ಏಟು ತಿಂದ ಮಗು ಬಾಯಿ ಬಿಟ್ಟು ಹೇಳಿದಾಗ “ಅದು ನಿನ್ನ ಸತ್ಯ” ಅಂದರೆ ಅದಕ್ಕೆ ಏನು ಸಿಕ್ಕಿತು? ಹೌದು, ಹೀಗೆ ನಡೆದಿದೆ, ಯಾರು ಇಲ್ಲ ಅಂದರೂ ನಡೆದಿದೆ ಅನ್ನುವ ಮಾತು ಅದಕ್ಕೆ ಬೇಕು. ಅಂಥವರ ನೋವನ್ನು ನಾನು ಎರವಲು ತಂದು ಮೈಮೇಲೆ ಹಾಕಿಕೊಂಡು ಮೆರೆದೆ. ನನಗೂ ನೋವಾಗಿದ್ದು ನಿಜ. ಆದರೆ ನೋವು ಎಷ್ಟೇ ದೊಡ್ಡದಾದರೂ ಬೀಳದ ಏಟು ಬಿದ್ದ ಹಾಗಾಗುವುದಿಲ್ಲ.

ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಯೇಸುವಿನ ಶಿಷ್ಯ ಪೇತ್ರ. ಯೇಸುವನ್ನು ಬಂಧಿಸಿದ ರಾತ್ರಿ, ಅವನನ್ನು ಅರಿಯೆ ಅಂತ ಮೂರು ಸಲ ಅಂದ. ಯೇಸುವಿನ ಬದುಕನ್ನು ಹೇಳುವ ನಾಲ್ಕೂ ಸುವಾರ್ತೆಗಳಲ್ಲಿ ಇದು ಇದೆ. ಅಷ್ಟು ದೊಡ್ಡ ನಾಯಕ, ಮುಚ್ಚಿ ಹಾಕಬಹುದಿತ್ತು ಅಲ್ವಾ? ಪೇತ್ರ ಹೇಳಿದ್ದನ್ನು ಕೇಳಿ ಮಾರ್ಕ ತನ್ನ ಸುವಾರ್ತೆ ಬರೆದ ಅಂತ ಎರಡನೇ ಶತಮಾನದ ಬಿಷಪ್ ಪಪಿಯಾಸ್ ಹೇಳುತ್ತಾನೆ. ಹಾಗಿದ್ದರೆ ಇದು ಪೇತ್ರನೇ ಹೇಳಿಕೊಂಡ ಸಾಕ್ಷಿ. ಅವನು ಸುಳ್ಳು ಹೇಳಿದ ಅಂಗಳದಲ್ಲಿ ಉರಿಯುತ್ತಿದ್ದದ್ದು ಇದ್ದಲಿನ ಬೆಂಕಿ (ಯೋಹಾನ 18:18). ಸತ್ತು ಎದ್ದು ಬಂದ ಯೇಸು ಅವನನ್ನು ಮಾತಾಡಿಸಿದಾಗಲೂ ಇದ್ದಲಿನ ಬೆಂಕಿಯೇ (21:9). ಗ್ರೀಕ್ ಮೂಲದ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ (ಬೈಬಲ್‌ನ ಎರಡನೇ ಭಾಗ) ಬರುವುದು ಈ ಎರಡು ಕಡೆ ಮಾತ್ರ. ‘ಪೇತ್ರ’ ಅಂದರೆ ಬಂಡೆ, ಯೇಸುವೇ ಇಟ್ಟ ಹೆಸರು. ಆದರೆ ಆ ಎರಡನೇ ಬೆಂಕಿಯ ಹತ್ತಿರ ಯೇಸು ಆ ಹೆಸರು ಹಿಡಿದು ಕರೆಯುವುದಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳುತ್ತಾನೆ, ಮೂರು ಸಲವೂ “ಯೋಹಾನನ ಮಗನಾದ ಸೀಮೋನನೇ” ಅನ್ನುತ್ತಾನೆ. ಅಪ್ಪನ ಹೆಸರು ಸೇರಿಸಿ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ‘ನಾನು ಯಾರು’ ಅಂತ ಒಬ್ಬರೇ ಕೂತು ಡೈರಿ ತುಂಬಿಸಬೇಡಿ. ನಿಮ್ಮ ಕಥೆಯಲ್ಲಿ ಕೆಟ್ಟವರಾಗಿ ಬರುವವರ ಎದುರು ಕೂತು ಅದೇ ಕಥೆ ಹೇಳಿ. (ಅವರು ನಿಜವಾಗಿ ಹಿಂಸೆ ಕೊಟ್ಟವರಾದರೆ ಖಂಡಿತ ಬೇಡ. ನಂಬಿಕಸ್ಥರು ಯಾರಾದರೂ ಸಾಕು.) ಆಗ ನಾಲಿಗೆ ಎಲ್ಲಿ ತಡವರಿಸುತ್ತದೋ ಗಮನಿಸಿ.

ನಾನು ಮೊದಲು ಕೂಟದಲ್ಲೇ ನಿಂತು ತಿದ್ದಿಕೊಂಡೆ. ಅದೇನು ಕಷ್ಟವಾಗಲಿಲ್ಲ, ಜನ ಮೆಚ್ಚಿ ಚಪ್ಪಾಳೆ ಬೇರೆ ತಟ್ಟಿದರು. ಅಪ್ಪನ ಹತ್ತಿರ ಹೋಗಲು ಇನ್ನೂ ಮೂರು ವಾರ ಬೇಕಾಯಿತು. “ನೀವು ಹೊಡೆದಿದ್ದು ಒಂದೇ ಸಲ ಅಪ್ಪಾ. ನಾನು ಎಲ್ಲರ ಮುಂದೆ ಸುಳ್ಳು ಹೇಳಿದೆ” ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಒಂದಲ್ಲ, ಎರಡು” ಅಂದರು. “ನಿನಗೆ ಮೂರು ವರ್ಷ ಇದ್ದಾಗ ಇನ್ನೊಂದು ಸಲ ಹೊಡೆದಿದ್ದೆ. ನಿನಗೆ ನೆನಪಿರಲ್ಲ.”