ಮುದ್ದೆ ಬಡಿಸುತ್ತಿದ್ದರು, ಮಾತು ಬಿಟ್ಟಿದ್ದರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ತುಮಕೂರು ಕಡೆಯ ಹಳ್ಳಿಯೊಂದರ ಹೆಣ್ಣುಮಗಳು. ನಲವತ್ತೈದು ದಾಟಿದ ವಯಸ್ಸು. ಕಾಲೇಜಿಗೆ ಹೋಗುತ್ತಿದ್ದ ಒಬ್ಬನೇ ಮಗ ಲಾರಿ ಗುದ್ದಿ ತೀರಿಕೊಂಡು ವರ್ಷ ದಾಟಿತ್ತು. ನಿದ್ದೆಯಿಲ್ಲ, ಊಟ ಸೇರಲ್ಲ, ಹಾರ್ನ್ ಕೇಳಿದರೆ ಕೈಕಾಲು ನಡುಗುತ್ತವೆ. ತಂಗಿಯೇ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು.

"ಎಲ್ಲರೂ ಕ್ಷಮಿಸಿಬಿಡು ಅಂತಾರೆ ಮೇಡಂ. ಡ್ರೈವರ್‌ಗೆ ಹೆಂಡ್ತಿ ಮಕ್ಕಳಿದ್ದಾರಂತೆ. ನನಗೆ ಇದ್ದವನು?"

ನೆಂಟರ ಬಾಯಿ ಮುಚ್ಚಿಸಲು ಯಾರೂ ಕ್ಷಮಿಸಬೇಕಿಲ್ಲ ಎಂದೆ. ಅವರಿಗೆ ಇನ್ನೊಂದು ಭಯವೂ ಇತ್ತು: ಕ್ಷಮಿಸಿದರೆ ಕೇಸು ಬಿದ್ದುಹೋಗುತ್ತಾ? ಇಲ್ಲ. ನಿರ್ಲಕ್ಷ್ಯದಿಂದ ಸಾವು ಎಂಬುದು ಮನೆಯವರು ರಾಜಿ ಮಾಡಿಕೊಂಡು ಮುಗಿಸುವ ಕೇಸಲ್ಲ, ಸರ್ಕಾರ ನಡೆಸುವ ಕೇಸು. ಪರಿಹಾರದ ಅರ್ಜಿಯೂ ಅದರ ಪಾಡಿಗೆ ನಡೆಯುತ್ತದೆ. ಇದು ಕೇಳಿದ ಮೇಲೆ ಅವರು ಸ್ವಲ್ಪ ಬಿಚ್ಚಿ ಮಾತಾಡಿದರು.

ನಿದ್ದೆಗೂ ನಡುಕಕ್ಕೂ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿದೆ. ಸುಮ್ನೆ ಮಾತಿನಿಂದಲೇ ಎಲ್ಲ ಸರಿಹೋಗುತ್ತೆ ಅಂತ ನಾನು ನಂಬುವುದಿಲ್ಲ.

ಆಮೇಲೊಂದು ದಿನ ಹೆಲ್ಮೆಟ್ಟಿನ ಮಾತು ಬಂತು. ಅದು ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಅವತ್ತು ಡೈರಿ ದುಡ್ಡು ತರಲು ಮಗನ ಕೈಗೆ ಕೀ ಕೊಟ್ಟು ಕಳಿಸಿದ್ದು ಗಂಡ. "ತಲೆಗೆ ಹಾಕ್ಕೊಳೋ ಅಂತ ಒಂದು ಮಾತು ಹೇಳಲಿಲ್ಲ ಅವರು." ಅಂದಿನಿಂದ ಗಂಡನ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ಮುಖ ನೋಡದೆ ಒಳಗೆ ಹೋಗುತ್ತಾರೆ. ಆತ ಜಗಲಿಯಲ್ಲಿ ಮಲಗುತ್ತಾರೆ.

ಊರೆಲ್ಲ ಡ್ರೈವರ್ ಬಗ್ಗೆ ಮಾತಾಡುತ್ತಿತ್ತು. ಗಂಟು ಇದ್ದದ್ದು ಇಲ್ಲಿ.

ಕ್ಷಮೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್ಟನ್ ತಮ್ಮ ತಾಯಿಯನ್ನೇ ಕೊಲೆಯಲ್ಲಿ ಕಳೆದುಕೊಂಡವರು. ಸೇಡು ಬೇಡ ಎಂದು ತೀರ್ಮಾನಿಸುವುದು ಬೇರೆ, ಒಳಗಿನ ಕಹಿ ಇಳಿಯುವುದು ಬೇರೆ ಅನ್ನುತ್ತಾರೆ ಅವರು. ಎರಡನೆಯದಕ್ಕೆ ಟೈಮ್ ಜಾಸ್ತಿ ಬೇಕು. ನೋವನ್ನು ಇದ್ದ ಹಾಗೆ ನೆನೆಯುವುದೇ ಅವರ ಮೊದಲ ಹೆಜ್ಜೆ. ನಮ್ಮಲ್ಲಿ ಅದನ್ನೇ ಹಾರಿಸಿಬಿಡುತ್ತೇವೆ, ಅಲ್ವಾ?

ಹಾಗಾಗಿ ಗಂಡನಿಗೆ ಹೇಳಬೇಕೆಂದಿದ್ದ ಬೈಗುಳವನ್ನೆಲ್ಲ ಮೊದಲು ನನ್ನೆದುರು ಹೇಳಿಸಿದೆ. ಆಮೇಲೆ ಇಬ್ಬರನ್ನೂ ಕೂರಿಸಿದೆ. ಆಕೆ ಹೇಳಿ ಮುಗಿಸುವವರೆಗೆ ಆತ ಸಮಜಾಯಿಷಿ ಕೊಡಕೂಡದು ಎಂಬುದೊಂದೇ ಷರತ್ತು. ಆತ ತಲೆ ತಗ್ಗಿಸಿ ಕೇಳಿದರು. ಕೊನೆಗೆ, "ಆ ಕೀ ಕೊಟ್ಟ ಕೈ ನಂದೇ ಕಣೆ. ದಿನಾ ನೋಡ್ಕೋತೀನಿ" ಎಂದರು. ಆಕೆ ಮಗ ಹೋದ ಮೇಲೆ ಮೊದಲ ಸಲ ಗಂಡನೆದುರು ಅತ್ತರು.

ಮನೆಗೆ ಕೊಟ್ಟ ಸಲಹೆ ಚಿಕ್ಕದು. ಸಂಜೆ ಸ್ವಲ್ಪ ಹೊತ್ತು ಇಬ್ಬರೂ ಮಗನ ಬಗ್ಗೆ ಮಾತಾಡಬೇಕು, ಅಪಘಾತದ ದಿನ ಬಿಟ್ಟು ಬೇರೆ ದಿನಗಳ ಬಗ್ಗೆ. ಹೆಲ್ಮೆಟ್ ತೆಗೆಯಬೇಕೋ ಬೇಡವೋ ಅವರಿಗೇ ಬಿಟ್ಟಿದ್ದು.

ಈಗ ಒಟ್ಟಿಗೆ ಉಣ್ಣುತ್ತಾರೆ. ಜಗಳವೂ ಆಗುತ್ತದಂತೆ, ಮೌನಕ್ಕಿಂತ ಅದು ಎಷ್ಟೋ ವಾಸಿ. ಡ್ರೈವರನ್ನು ಆಕೆ ಕ್ಷಮಿಸಿಲ್ಲ. ನಾನು ಕೇಳಿಯೂ ಇಲ್ಲ. ಕೋರ್ಟಿನಲ್ಲಿ ಗಂಡನ ಸಾಕ್ಷಿ ಇದೆ, ಜೊತೆಗೆ ಹೋಗುತ್ತೇನೆ ಎಂದಿದ್ದಾರೆ.