ಬಲ ಸರಿಸಿದರೆ ಕಪಲ್ ಯಾಕೆ ಬರುತ್ತದೆ? ಸೆಂಟ್ರಾಯ್ಡ್‌ಗೂ ಅದಕ್ಕೂ ಏನು ನಂಟು?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಇಂಜಿನಿಯರಿಂಗ್ ಮೊದಲ ವರ್ಷ ನೆನಪಾಯಿತು. ಮೊಮೆಂಟ್ (ಬಲವು ಒಂದು ಬಿಂದುವಿನ ಸುತ್ತ ತಿರುಗಿಸುವ ಪ್ರಮಾಣ, ಬಲ ಗುಣಿಸು ಲಂಬ ದೂರ) ಲೆಕ್ಕ ಬರುತ್ತದೆ, ಸೆಂಟ್ರಾಯ್ಡ್ (ಆಕಾರದ ಸರಾಸರಿ ನಡುಬಿಂದು) ಸೂತ್ರ ಬಾಯಿಪಾಠ ಆಗಿದೆ. ಆದರೆ ಬಲವನ್ನು ಇನ್ನೊಂದು ಬಿಂದುವಿಗೆ ಸರಿಸಿದಾಗ ಕಪಲ್ (ವಿರುದ್ಧ ದಿಕ್ಕಿಗೆ, ಬೇರೆ ಬೇರೆ ಗೆರೆಗಳ ಮೇಲೆ ಎಳೆಯುವ ಎರಡು ಸಮ ಬಲಗಳ ಜೋಡಿ) ಯಾಕೆ ಸೇರಿಸಬೇಕು, ತ್ರಿಕೋನ ಲೋಡ್‌ಗೆ (ಒಂದು ತುದಿಯಲ್ಲಿ ಸೊನ್ನೆಯಿಂದ ಶುರುವಾಗಿ ಇನ್ನೊಂದು ತುದಿಯತ್ತ ಏರುತ್ತಾ ಹೋಗುವ ಭಾರಕ್ಕೆ) ಆ ಮೂರನೇ ಒಂದು ಭಾಗ ಎಲ್ಲಿಂದ ಬಂತು ಅನ್ನುವುದು ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ನನಗೂ ಪರೀಕ್ಷೆ ಮುಗಿಯುವ ತನಕ ತಿಳಿದಿರಲಿಲ್ಲ.

ಪುಸ್ತಕದಲ್ಲಿ ಇವು ಬೇರೆ ಬೇರೆ ಪಾಠಗಳು. ಆದರೆ ಮೂರರಲ್ಲೂ ಮಾಡುವ ಕೆಲಸ ಒಂದೇ: ವಸ್ತುವಿನ ಮೇಲಿರುವ ಬಲಗಳ ಒಂದು ಗುಂಪನ್ನು ತೆಗೆದು, ಅದರ ಜಾಗಕ್ಕೆ ಸುಲಭದ ಇನ್ನೊಂದು ಗುಂಪನ್ನು ಇಡುವುದು. ವಸ್ತುವಿಗೆ ಅದು ಗೊತ್ತಾಗಬಾರದು, ಅಷ್ಟೇ. ಬಾಗದ, ಹಿಗ್ಗದ ಗಟ್ಟಿ ವಸ್ತು ಎರಡೇ ಸಂಗತಿ ನೋಡುತ್ತದೆ. ಒಟ್ಟು ಎಷ್ಟು ತಳ್ಳುತ್ತಿದ್ದಾರೆ, ಯಾವ ಕಡೆಗೆ? ಒಂದು ಬಿಂದುವಿನ ಸುತ್ತ ಒಟ್ಟು ಎಷ್ಟು ತಿರುಗಿಸುತ್ತಿದ್ದಾರೆ? ಈ ಎರಡೂ ಹಾಗೇ ಉಳಿದರೆ ಎರಡು ಗುಂಪುಗಳೂ ಸಮಾನ.

ಈಗ ಕಪಲ್ ವಿಷಯ. ಗೋಡೆಗೆ ಕೂಡಿಸಿದ ಒಂದು ಬ್ರಾಕೆಟ್ ಇದೆ ಅಂದುಕೊಳ್ಳಿ. ಗೋಡೆಯಿಂದ 0.4 ಮೀಟರ್ ದೂರದ ತುದಿಯಲ್ಲಿ 500 ನ್ಯೂಟನ್ ಭಾರ ಕೆಳಕ್ಕೆ ಎಳೆಯುತ್ತಿದೆ. ಇದನ್ನು ಗೋಡೆಯ ಹತ್ತಿರಕ್ಕೆ ತರಬೇಕು. ಒಂದು ಚಿಕ್ಕ ಉಪಾಯ ಮಾಡಿ. ಗೋಡೆಯ ಹತ್ತಿರ 500 ಮೇಲಕ್ಕೆ, 500 ಕೆಳಕ್ಕೆ ಎರಡು ಬಲ ಇಡಿ. ಒಂದನ್ನೊಂದು ಹೊಡೆದುಹಾಕುವುದರಿಂದ ಏನೂ ಬದಲಾಗಲಿಲ್ಲ, ಅಲ್ವಾ? ಈಗ ತುದಿಯಲ್ಲಿರುವ ಕೆಳಮುಖದ 500 ಮತ್ತು ಗೋಡೆಯ ಬಳಿಯ ಮೇಲ್ಮುಖದ 500, ಇವೆರಡನ್ನು ಜೋಡಿ ಮಾಡಿ. ಅದೊಂದು ಕಪಲ್, 500 ಗುಣಿಸು 0.4, ಅಂದರೆ 200 ನ್ಯೂಟನ್-ಮೀಟರ್. ಉಳಿದದ್ದು ಗೋಡೆಯ ಬಳಿ ಕೆಳಮುಖದ 500. ನೀವು ಕಪಲ್ ಅನ್ನು ಹೊರಗಿನಿಂದ ತಂದು ಸೇರಿಸಲಿಲ್ಲ. ಆ 200 ಮೊದಲಿನಿಂದಲೂ ಬ್ರಾಕೆಟ್ಟನ್ನು ತಿರುಗಿಸುತ್ತಲೇ ಇತ್ತು. ಬಲವನ್ನು ಸರಿಸಿದಾಗ ಅದು ಲೆಕ್ಕದಿಂದ ತಪ್ಪಿಹೋಗದಂತೆ ಬೇರೆಯಾಗಿ ಬರೆದುಕೊಂಡಿರಿ. ಬಲವನ್ನು ಅದರದೇ ಗೆರೆಯ ಮೇಲೆ ಹಿಂದೆ ಮುಂದೆ ಜಾರಿಸಿದರೆ ಏನೂ ಬರೆದುಕೊಳ್ಳಬೇಕಾಗಿಲ್ಲ, ಯಾಕೆಂದರೆ ತಿರುವು ಬದಲಾಗುವುದೇ ಇಲ್ಲ.

ಕಪಲ್ ಅನ್ನು ಎಲ್ಲಿ ಬೇಕಾದರೂ ಇಡಬಹುದು ಅನ್ನುವ ಮಾತು ತುಂಬಾ ಜನರಿಗೆ ಜೀರ್ಣವಾಗುವುದಿಲ್ಲ. ಸುಮ್ನೆ ನಂಬಬೇಡಿ, ಲೆಕ್ಕ ಹಾಕಿ ನೋಡಿ. 50 ನ್ಯೂಟನ್‌ನ ಎರಡು ಬಲಗಳು, ವಿರುದ್ಧ ದಿಕ್ಕು, ನಡುವಿನ ಅಂತರ 0.4 ಮೀಟರ್. ಹತ್ತಿರದ ಬಲದಿಂದ 1 ಮೀಟರ್ ಆಚೆ, ಎರಡಕ್ಕೂ ಹೊರಗಿರುವ ಬಿಂದುವಿನಿಂದ ನೋಡಿದರೆ 50 ಗುಣಿಸು 1.4, ಕಳೆ 50 ಗುಣಿಸು 1. ಉತ್ತರ 20. ಅದೇ 10 ಮೀಟರ್ ಆಚೆಯಿಂದ? 520 ಕಳೆ 500, ಮತ್ತೆ 20. ಎಷ್ಟು ದೂರ ಹೋದರೂ ಅದೇ 20. ಬರೀ ಒಂದು ಬಲದ ಮೊಮೆಂಟ್ ಹೀಗಲ್ಲ, ಅದು ನೀವು ನಿಂತು ನೋಡುವ ಬಿಂದುವನ್ನು ಅವಲಂಬಿಸುತ್ತದೆ. ಕಪಲ್ ಅನ್ನು ಹೀಗೆ ಒಂದು ಸ್ವತಂತ್ರ ವಸ್ತುವಿನಂತೆ ಕಂಡು ಸ್ಟ್ಯಾಟಿಕ್ಸ್‌ನ (ಅಲುಗದೆ ನಿಂತ ವಸ್ತುಗಳ ಮೇಲಿನ ಬಲಗಳ ಶಾಸ್ತ್ರದ) ನಡುವೆ ತಂದು ಕೂರಿಸಿದವನು ಲೂಯಿ ಪೊಯಿನ್ಸೊ ಎಂಬ ಫ್ರೆಂಚ್ ಗಣಿತಜ್ಞ, 1803ರಲ್ಲಿ.

ಅವನಿಗೂ ಮುಂಚೆ ವರಿನ್ಯೋನ್ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಹೇಳಿದ್ದು ಇನ್ನೂ ಸರಳ: ಒಂದು ಬಲದ ಮೊಮೆಂಟ್ ಅಂದರೆ ಅದರ ತುಂಡುಗಳ ಮೊಮೆಂಟುಗಳ ಮೊತ್ತ. ಇದನ್ನು ಕಡೆಗಣಿಸಿ ಓರೆ ಬಲಕ್ಕೆ ಲಂಬ ದೂರ ಹುಡುಕುತ್ತಾ ಕೂತವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಮೂಲಬಿಂದುವಿನಿಂದ 3 ಮೀಟರ್ ಬಲಕ್ಕೆ, 2 ಮೀಟರ್ ಮೇಲಕ್ಕೆ ಇರುವ ಜಾಗದಲ್ಲಿ 100 ನ್ಯೂಟನ್ ಬಲ. ಅದರಲ್ಲಿ 80 ಅಡ್ಡಕ್ಕೆ ಬಲಗಡೆಗೆ, 60 ಮೇಲಕ್ಕೆ. ಮೊಮೆಂಟ್ 3 ಗುಣಿಸು 60, ಕಳೆ 2 ಗುಣಿಸು 80. ಅಂದರೆ 20. ಎರಡು ಗುಣಾಕಾರ, ಒಂದು ಕಳೆಯುವಿಕೆ, ಮುಗಿಯಿತು.

ಇನ್ನು ಸೆಂಟ್ರಾಯ್ಡ್. ನಿಮ್ಮ ತ್ರಿಕೋನ ಲೋಡ್ ಅನ್ನೇ ತೆಗೆದುಕೊಳ್ಳೋಣ. 6 ಮೀಟರ್ ಉದ್ದದ ಬೀಮ್. ಎಡತುದಿಯಲ್ಲಿ ಲೋಡ್ ಸೊನ್ನೆ, ಬಲತುದಿಗೆ ಹೋಗುವಷ್ಟರಲ್ಲಿ ಮೀಟರಿಗೆ 3 ಕಿಲೋನ್ಯೂಟನ್. ಇಂಟಿಗ್ರೇಷನ್ ಸದ್ಯಕ್ಕೆ ಬಿಡಿ. ಬೀಮನ್ನು ಒಂದೊಂದು ಮೀಟರಿನ ಆರು ತುಂಡು ಮಾಡಿ. ಪ್ರತಿ ತುಂಡಿನ ಲೋಡ್ ಕ್ರಮವಾಗಿ 0.25, 0.75, 1.25, 1.75, 2.25, 2.75. ಕೂಡಿಸಿದರೆ 9 ಕಿಲೋನ್ಯೂಟನ್. ಇದು ತ್ರಿಕೋನದ ವಿಸ್ತೀರ್ಣವೂ ಹೌದು. ಈಗ ಪ್ರತಿ ಲೋಡೂ ತನ್ನ ತುಂಡಿನ ನಡುವೆ ಇದೆ ಅಂದುಕೊಂಡು ಎಡತುದಿಯಿಂದ ಮೊಮೆಂಟ್ ಹಾಕಿ. 0.25 ಗುಣಿಸು 0.5, 0.75 ಗುಣಿಸು 1.5, ಹೀಗೆ ಕೊನೆಯ ತುಂಡಿನವರೆಗೆ. ಒಟ್ಟು 35.75. ಈಗ ಆರೂ ಬಲಗಳನ್ನು ತೆಗೆದು 9ರ ಒಂದೇ ಬಲ ಇಡಬೇಕು, ತಿರುವು ಮಾತ್ರ ಅಷ್ಟೇ ಇರಬೇಕು. ಎಲ್ಲಿ ಇಡುತ್ತೀರಿ? 35.75 ಭಾಗಿಸು 9, ಎಡತುದಿಯಿಂದ 3.97 ಮೀಟರ್. ತುಂಡುಗಳನ್ನು ಸಣ್ಣ ಮಾಡುತ್ತಾ ಹೋದರೆ ಇದು ಸರಿಯಾಗಿ 4ಕ್ಕೆ ಬಂದು ನಿಲ್ಲುತ್ತದೆ. ದಪ್ಪ ತುದಿಯಿಂದ 2 ಮೀಟರ್, ಅಂದರೆ 6ರ ಮೂರನೇ ಒಂದು ಭಾಗ. ನೀವು ಕೇಳಿದ ಮೂರನೇ ಒಂದು ಭಾಗ ಇದೇ. ಬ್ರಾಕೆಟ್ಟಿನಲ್ಲಿ ಬಿಂದು ಮೊದಲೇ ಗೊತ್ತಿತ್ತು, ಹಾಗಾಗಿ ಕಪಲ್ ಉಳಿಯಿತು. ಇಲ್ಲಿ ಕಪಲ್ ಉಳಿಯದಂತಹ ಬಿಂದುವನ್ನೇ ಹುಡುಕಿದೆವು. ಲೆಕ್ಕ ಅದೇ, ತಿರುಗಿಸಿ ಮಾಡಿದ್ದು.

ಇಲ್ಲಿ ನಾನು ಒಮ್ಮೆ ಚೆನ್ನಾಗಿ ಏಟು ತಿಂದಿದ್ದೇನೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇದೇ ಬೀಮ್ ಎರಡೂ ತುದಿಗಳಲ್ಲಿ ಸುಮ್ನೆ ಕೂತಿದೆ ಅಂದುಕೊಳ್ಳಿ. 9 ಕಿಲೋನ್ಯೂಟನ್ ಅನ್ನು 4 ಮೀಟರ್‌ನಲ್ಲಿ ಇಟ್ಟು ರಿಯಾಕ್ಷನ್ (ಆಧಾರಗಳು ಮೇಲಕ್ಕೆ ಕೊಡುವ ಬಲ) ಹುಡುಕಿದರೆ ಎಡಕ್ಕೆ 3, ಬಲಕ್ಕೆ 6. ಸರಿಯಾದ ಉತ್ತರ. ಅಷ್ಟಕ್ಕೆ ನಿಲ್ಲಿಸದೆ ನಾನು ಅದೇ ಒಂಟಿ ಲೋಡ್ ಇಟ್ಟುಕೊಂಡು ಬೆಂಡಿಂಗ್ ಮೊಮೆಂಟ್ (ಬೀಮನ್ನು ಒಳಗೆ ಬಾಗಿಸುವ ತಿರುವು) ಕೂಡ ತೆಗೆದೆ: 3 ಗುಣಿಸು 4, 12 ಕಿಲೋನ್ಯೂಟನ್-ಮೀಟರ್. ನಿಜವಾದ ಗರಿಷ್ಠ ಮೊಮೆಂಟ್ ಸುಮಾರು 6.93, ಅದೂ ಎಡದಿಂದ 3.46 ಮೀಟರ್‌ನಲ್ಲಿ. ಹತ್ತಿರ ಹತ್ತಿರ ದುಪ್ಪಟ್ಟು ಬರೆದಿದ್ದೆ! ಪೇಪರ್ ತಿದ್ದಿದವರು ಆ ಪುಟದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಬಿಟ್ಟಿದ್ದರು, ಒಂದು ಮಾತೂ ಬರೆದಿರಲಿಲ್ಲ. ತಪ್ಪು ಎಲ್ಲಿ ಅಂತ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಸಮಾನ ಅನ್ನುವುದು ಇಡೀ ವಸ್ತುವಿನ ಮಟ್ಟಿಗೆ ಮಾತ್ರ. ಬೀಮನ್ನು ಒಳಗೆ ಕತ್ತರಿಸಿ ನೋಡಿದರೆ, ಕತ್ತರಿಸಿದ ತುಂಡಿನ ಮೇಲೆ ನಿಜವಾಗಿ ಎಷ್ಟು ಲೋಡ್ ಇದೆಯೋ ಅದನ್ನೇ ತೆಗೆದುಕೊಳ್ಳಬೇಕು. ಮೊದಲು ಕತ್ತರಿಸಿ, ಆಮೇಲೆ ಆ ತುಂಡಿನ ಲೋಡಿಗೆ ಬದಲಿ ಇಡಿ. ಈ ಕ್ರಮ ತಲೆಕೆಳಗಾದರೆ ಉತ್ತರವೂ ತಲೆಕೆಳಗು.

ಆಕಾರಗಳ ಸೆಂಟ್ರಾಯ್ಡ್ ಕೂಡ ಇದೇ, ಲೋಡಿನ ಜಾಗದಲ್ಲಿ ವಿಸ್ತೀರ್ಣ ಬರುತ್ತದೆ. ತೂತು ಇದ್ದರೆ ಅದರ ವಿಸ್ತೀರ್ಣ ಮೈನಸ್. ಮೂರು ಆಯಾಮಕ್ಕೆ ಹೋದಾಗ ಮಾತ್ರ ಒಂದು ತೊಡಕಿದೆ. ಅಲ್ಲಿ ಎಷ್ಟೇ ಸರಿಸಿದರೂ ಕೆಲವೊಮ್ಮೆ ಒಂದೇ ಬಲ ಉಳಿಯುವುದಿಲ್ಲ. ಒಂದು ಬಲ, ಅದೇ ಗೆರೆಯ ಸುತ್ತ ಒಂದು ಕಪಲ್, ಎರಡೂ ಉಳಿಯುತ್ತವೆ. ಸ್ಕ್ರೂಡ್ರೈವರನ್ನು ಒತ್ತುತ್ತಾ ತಿರುಗಿಸಿದ ಹಾಗೆ. ಅದು ನಿಮಗೆ ಈಗಲೇ ಬೇಡ.

ಕೈಯಾರೆ ನೋಡಬೇಕೆಂದರೆ ಒಂದು ರಟ್ಟು ತೆಗೆದುಕೊಳ್ಳಿ. ಮೂಲೆಮಟ್ಟದ, ಅಂದರೆ L ಅಕ್ಷರದ ಆಕಾರಕ್ಕೆ ಕತ್ತರಿಸಿ: ಎರಡೂ ತೋಳು ಹೊರಗಿನಿಂದ 100 ಮಿಲಿಮೀಟರ್, ಅಗಲ 20. ನಿಂತ ತೋಳಿನ ವಿಸ್ತೀರ್ಣ 2000, ಅದರ ನಡುಬಿಂದು ಹೊರ ಅಂಚಿನಿಂದ 10ರಲ್ಲಿ. ಮಲಗಿದ ತೋಳಿನಲ್ಲಿ ಉಳಿದದ್ದು 1600, ಅದರ ನಡುಬಿಂದು 60ರಲ್ಲಿ. 20,000 ಕೂಡಿಸು 96,000, ಅದನ್ನು 3600ರಿಂದ ಭಾಗಿಸಿದರೆ 32.2. ಇನ್ನೊಂದು ಅಂಚಿನಿಂದಲೂ ಅಷ್ಟೇ. ತೋಳಿನ ಅಗಲವೇ 20 ಆದ್ದರಿಂದ ಈ ಬಿಂದು ರಟ್ಟಿನ ಮೇಲೆ ಬೀಳುವುದೇ ಇಲ್ಲ, ಎರಡು ತೋಳುಗಳ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ. ನಂಬಿಕೆ ಬರದಿದ್ದರೆ ರಟ್ಟನ್ನು ಎರಡು ಬೇರೆ ಬೇರೆ ಜಾಗದಲ್ಲಿ ಗುಂಡುಸೂಜಿ ಚುಚ್ಚಿ ನೇತುಹಾಕಿ. ಪ್ರತಿ ಸಲ ಸೂಜಿಯಿಂದ ದಾರದಲ್ಲಿ ಒಂದು ಭಾರ ಇಳಿಬಿಟ್ಟು, ದಾರ ಹಾಯುವ ಜಾಗವನ್ನು ಗುರುತು ಮಾಡಿ. ಆಮೇಲೆ ರಟ್ಟನ್ನು ಒಂದು ಬಿಳಿ ಹಾಳೆಯ ಮೇಲಿಟ್ಟು ಆ ಎರಡು ಗೆರೆಗಳನ್ನು ಮುಂದಕ್ಕೆ ಎಳೆಯಿರಿ. ಅವು ಕೂಡುವುದು ಹಾಳೆಯ ಮೇಲೆ, ರಟ್ಟಿನ ಹೊರಗೆ.